ಫ್ರೀಲಾನ್ಸರ್‌ಗೆ ಕೆಲಸ ಒಪ್ಪಿಸುವ ಮುಂಚೆ: ಸಣ್ಣ ಉದ್ಯೋಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನದು ಹುಬ್ಬಳ್ಳಿಯಲ್ಲಿ ಚಟ್ನಿಪುಡಿ, ಹಪ್ಪಳ, ಸಂಡಿಗೆಯ ಸಣ್ಣ ಉದ್ಯೋಗ. ಹುರಿಯುವುದು, ಕುಟ್ಟುವುದು, ತುಂಬುವುದು ನಮ್ಮ ಕೈಯಲ್ಲೇ ಆಗುತ್ತದೆ. ಲೇಬಲ್, ಫೋಟೊ, ವೆಬ್‌ಸೈಟ್, ತೆರಿಗೆ ಲೆಕ್ಕ ಇವಕ್ಕೆ ಹೊರಗಿನವರನ್ನು, ಅಂದರೆ ಸಂಬಳಕ್ಕಲ್ಲದೆ ಕೆಲಸಕ್ಕಿಷ್ಟು ಎಂದು ದುಡ್ಡು ತೆಗೆದುಕೊಳ್ಳುವ ಫ್ರೀಲಾನ್ಸರ್‌ಗಳನ್ನು, ಹಿಡಿಯಲೇಬೇಕು. ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು, ಅಕ್ಕಪಕ್ಕದ ಅಂಗಡಿಯವರು, ಹೊಸದಾಗಿ ಉದ್ಯೋಗಕ್ಕೆ ಕೈ ಹಾಕಿದವರು ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಇವುಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಕಂಡುಕೊಳ್ಳಬೇಕಾದದ್ದು ಜನರನ್ನು ಹುಡುಕುವುದಕ್ಕೂ ಮುಂಚೆ, ನಮ್ಮ ಮನೆಯೊಳಗೇ. ನನಗೆ ಅದು ತಿಳಿಯಲು ಎರಡು ಸಲ ಪೆಟ್ಟು ತಿನ್ನಬೇಕಾಯಿತು. ಆ ಎರಡೂ ಕತೆ ಕೆಳಗಿವೆ.

ನನಗೆ ಫ್ರೀಲಾನ್ಸರ್ ಬೇಕೋ, ಸಂಬಳಕ್ಕೆ ಒಬ್ಬರನ್ನು ಇಟ್ಟುಕೊಳ್ಳಬೇಕೋ?

ಕೆಲಸಕ್ಕೆ ಕೊನೆ ಇದೆಯೇ ನೋಡಿ. ಲೇಬಲ್, ವೆಬ್‌ಸೈಟ್, ದೀಪಾವಳಿ ಗಿಫ್ಟ್ ಬಾಕ್ಸಿನ ಫೋಟೊ ಇವೆಲ್ಲ ಒಂದು ದಿನ ಶುರುವಾಗಿ ಒಂದು ದಿನ ಮುಗಿಯುವಂಥವು. ಇಂಥವಕ್ಕೆ ಫ್ರೀಲಾನ್ಸರ್ ಸರಿ. ದಿನಾ ಆರ್ಡರ್ ಬರೆದುಕೊಳ್ಳುವುದು, ಪಾರ್ಸಲ್ ಕಟ್ಟುವುದು, ಗ್ರಾಹಕರ ಫೋನಿಗೆ ಉತ್ತರ ಕೊಡುವುದು ಮುಗಿಯುವ ಕೆಲಸವಲ್ಲ. ಅದಕ್ಕೆ ಸಂಬಳದ ಆಳು ಬೇಕು. ಹೆಸರಿಗೆ ಫ್ರೀಲಾನ್ಸರ್ ಎಂದು ಕರೆದು, ಬೆಳಿಗ್ಗೆ ಹತ್ತರಿಂದ ಸಂಜೆ ಆರರ ತನಕ ಅಂಗಡಿಯಲ್ಲಿ ಕೂರಿಸಿ, ರಜೆಯನ್ನೂ ನಿಮ್ಮ ಹತ್ತಿರವೇ ಕೇಳಿಸುತ್ತಿದ್ದರೆ ಅವರು ನಿಮ್ಮ ನೌಕರರೇ ಆದಂತೆ. ನಾಳೆ ತಕರಾರು ಎದ್ದಾಗ ಕಾಗದದ ಮೇಲಿನ ಹೆಸರಿಗಿಂತ ನಿಜಕ್ಕೂ ನಡೆದದ್ದೇನು ಎಂಬುದನ್ನೇ ಕಾನೂನು ನೋಡುತ್ತದೆ.

ಹುಡುಕುವ ಮೊದಲು ನಾನೇನು ಸಿದ್ಧ ಮಾಡಿಟ್ಟುಕೊಳ್ಳಬೇಕು?

ಒಂದು ಹಾಳೆ. ಅಷ್ಟೇ, ಆದರೆ ಅದನ್ನು ಕೂತು ಬರೆಯಲೇಬೇಕು. "ಛಲೋ ಒಂದು ಡಿಸೈನ್ ಮಾಡಿಕೊಡ್ರಿ" ಎಂದು ಫೋನಿನಲ್ಲಿ ಹೇಳಿದರೆ ಹತ್ತು ಡಿಸೈನರ್‌ಗಳು ಹತ್ತು ಬೇರೆ ಬೇರೆ ಕೆಲಸಕ್ಕೆ ಹತ್ತು ರೇಟು ಹೇಳುತ್ತಾರೆ. ಹೋಲಿಸುವುದು ಹೇಗೆ? ಹೋದ ವರ್ಷ ನಾನು ಕಳಿಸಿದ ಹಾಳೆಯಲ್ಲಿ ಇದ್ದದ್ದು ಇಷ್ಟು:

ಬೇಕಾದದ್ದು: ಶೇಂಗಾ ಚಟ್ನಿಪುಡಿಯ 200 ಗ್ರಾಂ ಪ್ಯಾಕೆಟ್ಟಿಗೆ ಮುಂದಿನ ಲೇಬಲ್, ಹಿಂದಿನ ಲೇಬಲ್. ಕನ್ನಡ, ಇಂಗ್ಲಿಷ್ ಎರಡರಲ್ಲೂ.
ಕೊಳ್ಳುವವರು: ಬೆಂಗಳೂರು, ಪುಣೆಯಲ್ಲಿರುವ ನಮ್ಮ ಕಡೆಯ ಮಂದಿ.
ಅಳತೆ: ಪ್ಯಾಕೆಟ್ ಸಪ್ಲೈ ಮಾಡುವವರಿಂದ ಬರೆಸಿಕೊಂಡದ್ದು ಜೊತೆಗಿದೆ.
ನಾವು ಕೊಡುವುದು: ಟೈಪ್ ಮಾಡಿದ ಎಲ್ಲ ಬರಹ, ಪುಡಿಯ ಫೋಟೊ, ಹಳೆಯ ಲೇಬಲ್.
ನೀವು ಕೊಡಬೇಕಾದದ್ದು: ಎರಡು ಮಾದರಿ, ಆರಿಸಿದ ಮಾದರಿಗೆ ಎರಡು ಸಲ ತಿದ್ದುಪಡಿ, ಕೊನೆಗೆ ಪ್ರಿಂಟ್‌ಗೆ ಪಿಡಿಎಫ್ ಮತ್ತು ಓಪನ್ ಫೈಲ್ (ಮುಂದೆಯೂ ತಿದ್ದಲು ಬರುವ ಮೂಲ ಫೈಲ್).
ಕೊನೆಯ ದಿನ: ಶ್ರಾವಣಕ್ಕೆ ಹದಿನೈದು ದಿನ ಮುಂಚೆ.
ಒಪ್ಪಿಗೆ ಕೊಡುವವರು: ನಾನೊಬ್ಬಳೇ.

ಕೊನೆಯ ಸಾಲನ್ನು ದಯವಿಟ್ಟು ಸಣ್ಣದೆಂದು ಬಿಡಬೇಡಿ. ನಮ್ಮ ಮೊದಲ ಲೇಬಲ್ಲಿಗೆ ಅತ್ತೆಯವರು ಕೆಂಪು ಅಂದರು, ಮೈದುನ ಹಸಿರು ಅಂದ, ನಾನು ಎರಡನ್ನೂ ಡಿಸೈನರ್‌ಗೆ ದಾಟಿಸುತ್ತ ಹೋದೆ. ಏಳನೇ ಸಲ ತಿದ್ದುವಾಗ ಆ ಹುಡುಗ ಬೇಸರಪಟ್ಟುಕೊಳ್ಳದೆ ಹೇಳಿದ: "ಅಕ್ಕಾರ, ಮನ್ಯಾಗ ಎಲ್ಲಾರೂ ಮಾತಾಡ್ಕೊಳ್ರಿ, ನನಗ ಒಬ್ರ ಹೇಳ್ರಿ." ಅಂದಿನಿಂದ ಮನೆಯವರ ಅಭಿಪ್ರಾಯವೆಲ್ಲ ಹಾಳೆ ಬರೆಯುವ ದಿನವೇ ಮುಗಿಯುತ್ತದೆ. ಆಮೇಲೆ ಮಾತಾಡುವುದು ಒಬ್ಬರು.

ನನಗೇ ಏನು ಬೇಕೆಂದು ಸರಿಯಾಗಿ ಗೊತ್ತಿಲ್ಲದಿದ್ದರೆ?

ಬೇಡವಾದದ್ದು ಗೊತ್ತಿರುತ್ತದೆ, ಅಲ್ಲಿಂದ ಶುರು ಮಾಡಿ. ಕಿರಾಣಿ ಅಂಗಡಿಗೆ ಹೋಗಿ ನಿಮ್ಮಂಥದೇ ಮಾಲಿನ ಆರು ಪ್ಯಾಕೆಟ್ ಕೊಂಡು ತನ್ನಿ. ಮೇಜಿನ ಮೇಲೆ ಸಾಲಾಗಿ ಇಟ್ಟು, ಯಾವುದರ ಹೆಸರು ನಾಲ್ಕು ಹೆಜ್ಜೆ ದೂರದಿಂದ ಓದಲು ಬರುತ್ತದೆ, ಯಾವುದರದು ಬರುವುದಿಲ್ಲ ಎಂದು ನೋಡಿ. ಇಷ್ಟವಾದದ್ದು ಯಾಕೆ, ಆಗದ್ದು ಯಾಕೆ ಎಂದು ಒಂದೊಂದು ಸಾಲು ಬರೆದು ಫೋಟೊ ಸಮೇತ ಕಳಿಸಿ. ನಕಲು ಮಾಡಿಕೊಡಿ ಎಂದು ಮಾತ್ರ ಕೇಳಬೇಡಿ. ಇನ್ನೊಬ್ಬರ ಪ್ಯಾಕೆಟ್ಟಿನಂತೆಯೇ ಕಾಣುವ ಪ್ಯಾಕೆಟ್ ನಿಮ್ಮ ಮೇಲೆ ಟ್ರೇಡ್‌ಮಾರ್ಕ್ ದಾವೆ ತರಬಹುದು.

ಲೇಬಲ್ ಮೇಲೆ ಏನೇನು ಇರಬೇಕೆಂದು ಡಿಸೈನರ್‌ಗೇ ಗೊತ್ತಿರುತ್ತದಲ್ಲವೇ?

ಇರಬಹುದು, ಇಲ್ಲದಿರಬಹುದು. ಆದರೆ ತಪ್ಪಿದರೆ ನೋಟಿಸ್ ಬರುವುದು ನಿಮ್ಮ ಹೆಸರಿಗೆ. ಆಹಾರದ ಪ್ಯಾಕೆಟ್ ಆದರೆ ಹೆಸರು, ಬಳಸಿದ ಪದಾರ್ಥಗಳ ಪಟ್ಟಿ, ಪೌಷ್ಟಿಕಾಂಶದ ವಿವರ, ಶೇಂಗಾ ಅಥವಾ ಹಾಲಿನಂಥ ಅಲರ್ಜಿ ತರುವ ವಸ್ತುಗಳ ಎಚ್ಚರಿಕೆ, ಹಸಿರು ಚೌಕದೊಳಗೆ ಹಸಿರು ಚುಕ್ಕೆಯ ಸಸ್ಯಾಹಾರದ ಗುರುತು, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್ಎಸ್ಎಸ್ಎಐನ 14 ಅಂಕಿಗಳ ಸಂಖ್ಯೆ, ತಯಾರಿಸಿದವರ ವಿಳಾಸ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಬ್ಯಾಚ್ ನಂಬರ್, ತಯಾರಾದ ಮತ್ತು ಅವಧಿ ಮುಗಿಯುವ ದಿನಾಂಕ, ದೂರು ಹೇಳಲು ಗ್ರಾಹಕರಿಗೊಂದು ಫೋನ್ ನಂಬರ್ ಬೇಕು. ಆಹಾರದ ನಿಯಮ ಒಂದಾದರೆ 2011ರ ಪ್ಯಾಕೇಜ್ಡ್ ಸರಕುಗಳ ಕಾನೂನು ಮಾಪನ ನಿಯಮ ಇನ್ನೊಂದು, ಎರಡನ್ನೂ ನೋಡಬೇಕು.

ನಮ್ಮವರು ಎಡವುವ ಒಂದು ಜಾಗವಿದೆ. ಆಹಾರದ ಲೇಬಲ್ಲಿನ ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಲೇಬೇಕು, ಜೊತೆಗೆ ಬೇರೆ ಭಾಷೆ ಎಷ್ಟು ಬೇಕಾದರೂ ಇರಬಹುದು. ಬರೀ ಕನ್ನಡದಲ್ಲಿ ಮಾಡಿದರೆ ಆ ನಿಯಮ ತಪ್ಪಿದಂತೆ. ಇತ್ತ ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಎರಡು ಭಾಷೆಗೂ ಜಾಗ ಬೇಕೆಂದು ಡಿಸೈನರ್‌ಗೆ ಮೊದಲ ದಿನವೇ ಹೇಳಿ. ಕೊನೆಯಲ್ಲಿ ಹೇಳಿದರೆ ಕನ್ನಡ ಒಂದು ಮೂಲೆಗೆ, ಇರುವೆ ಗಾತ್ರಕ್ಕೆ ಇಳಿಯುತ್ತದೆ.

2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ತಪ್ಪು ಲೇಬಲ್ಲಿಗೆ 3 ಲಕ್ಷ ರೂಪಾಯಿಯ ತನಕ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದ ತನಕ ದಂಡ ಹಾಕಬಹುದು. "ಸಕ್ಕರೆ ಕಾಯಿಲೆಗೆ ರಾಮಬಾಣ" ಎಂಬಂಥ ಸಾಲನ್ನು ಡಿಸೈನರ್ ಚಂದಕ್ಕೆಂದು ಸೇರಿಸಿದರೂ ಹೊಡೆದು ಹಾಕಿ.

ಅಂಗಡಿಯ ಬೋರ್ಡ್ ಮಾಡಿಸಬೇಕು. ಅದಕ್ಕೇನಾದರೂ ನಿಯಮ?

ಬೋರ್ಡಿನ ಶೇ. 60ರಷ್ಟು ಕನ್ನಡ ಇರಬೇಕು, ಕನ್ನಡ ಮೇಲ್ಭಾಗದಲ್ಲಿರಬೇಕು. ಇದು 2024ರ ತಿದ್ದುಪಡಿಯಿಂದ ಬಂದದ್ದು. ಕೊಟೇಶನ್ ಕೇಳುವ ಹಾಳೆಯಲ್ಲೇ ಬರೆದುಬಿಡಿ.

ಕನ್ನಡ ಓದಲು ಬಾರದ ಡಿಸೈನರ್‌ಗೆ ಕೆಲಸ ಕೊಡಬಹುದೇ?

ಕೊಡಬಹುದು, ತಯಾರಿ ಮಾಡಿಕೊಂಡು. ನನ್ನ ಮೊದಲ ಪೆಟ್ಟು ಇಲ್ಲೇ ಬಿದ್ದದ್ದು.

ಊರ ಹೊರಗಿನ ಡಿಸೈನರ್ ಒಬ್ಬರಿಂದ ಲೇಬಲ್ ಮಾಡಿಸಿದೆ. ಬಣ್ಣ, ಚಿತ್ರ ಕಣ್ಣಿಗೆ ಕಟ್ಟುವಂತಿದ್ದವು. ಪ್ರೂಫನ್ನು (ಅಚ್ಚಿಗೆ ಮುಂಚಿನ ಕರಡನ್ನು) ಮೊಬೈಲಿನಲ್ಲಿ ನೋಡಿ ಒಪ್ಪಿಗೆ ಕಳಿಸಿದೆ, ಸಾವಿರ ಸ್ಟಿಕ್ಕರ್ ಅಚ್ಚಾಗಿ ಬಂದವು. ಸಂಜೆ ಅಂಟಿಸುತ್ತ ಕೂತಿದ್ದ ನನ್ನ ನೆಗೆಣ್ಣಿ ಕೈ ನಿಲ್ಲಿಸಿ, "ಇದರಾಗ ಚಟ್ನಿ ಒಡದೈತಿ ನೋಡ್ರಿ" ಅಂದಳು. ಮುಂದಿನ ದೊಡ್ಡ ಹೆಸರು ಸರಿ ಇತ್ತು, ಅದು ಚಿತ್ರದಂತೆ ಬರೆದದ್ದು. ಹಿಂದಿನ ಸಣ್ಣ ಅಕ್ಷರಗಳಲ್ಲಿ "ಚಟ್ನಿ" ಹೋಗಿ "ಚಟ್‌ನಿ" ಆಗಿತ್ತು, "ಉಪ್ಪು" ಹೋಗಿ "ಉಪ್‌ಪು" ಆಗಿತ್ತು. ಒತ್ತೆಲ್ಲ ಕಳಚಿ ಪಕ್ಕದಲ್ಲಿ ಬಂದು ನಿಂತಿತ್ತು. ಡಿಸೈನರ್ ಮೋಸ ಮಾಡಿರಲಿಲ್ಲ, ಅವರಿಗೆ ಅದು ಕಾಣುವುದೇ ಇಲ್ಲ. ಕಾಣಬೇಕಾದವಳು ನಾನು, ಅಂಗೈಯಗಲದ ಪರದೆಯಲ್ಲಿ ನೋಡಿ ಹೂಂ ಅಂದಿದ್ದೆ.

ಆಗುವುದು ಹೀಗೆ. ಅಡೋಬಿ ಸಾಫ್ಟ್‌ವೇರ್‌ಗಳಲ್ಲಿ ಭಾರತೀಯ ಲಿಪಿಗಳಿಗೆಂದೇ ಬೇರೆ ಕಂಪೋಸರ್ (ಅಕ್ಷರ ಜೋಡಿಸುವ) ಸೆಟ್ಟಿಂಗ್ ಇದೆ. ಅದನ್ನು ಹಾಕಿಕೊಳ್ಳದೆ ಯೂನಿಕೋಡ್ (ಎಲ್ಲ ಫೋನು, ಕಂಪ್ಯೂಟರುಗಳೂ ಓದುವ ಅಕ್ಷರ ಸಂಕೇತ) ಕನ್ನಡ ಅಂಟಿಸಿದರೆ ಒತ್ತಕ್ಷರ ಕೂಡುವುದಿಲ್ಲ. ನಮ್ಮ ಊರಿನ ಪ್ರೆಸ್‌ಗಳಲ್ಲಿ ಇನ್ನೊಂದು ತೊಡಕು: ಅಲ್ಲಿ ಈಗಲೂ 'ನುಡಿ', 'ಬರಹ' ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲೇ ಕೆಲಸ ನಡೆಯುವುದು ಹೆಚ್ಚು. ಆ ಬರಹವನ್ನು ವೆಬ್‌ಸೈಟಿಗೆಂದು ನಕಲು ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ ಬರುತ್ತದೆ. ಅದಕ್ಕೇ ಎಲ್ಲ ಬರಹವನ್ನೂ ನೀವೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಒಂದು ಫೈಲ್ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಟೈಪ್ ಮಾಡಿದ ಕನ್ನಡವೆಲ್ಲ ಯೂನಿಕೋಡೇ.

ನಾನೀಗ ಕೆಲಸ ಒಪ್ಪಿಸುವ ಮುಂಚೆ ಒಂದು ಸಾಲು ಕಳಿಸುತ್ತೇನೆ: "ಶೇಂಗಾ ಚಟ್ನಿಪುಡಿ, ಗುರೆಳ್ಳು, ಲಕ್ಷ್ಮಿ, ಅರ್ಧ, ಸ್ವಚ್ಛ, ಉತ್ಕೃಷ್ಟ". ಇದನ್ನು ನಿಮ್ಮ ಸಾಫ್ಟ್‌ವೇರ್‌ನಲ್ಲಿ ಹಾಕಿ ಪಿಡಿಎಫ್ ಕಳಿಸಿ ಎನ್ನುತ್ತೇನೆ. ಲಕ್ಷ್ಮಿಯಲ್ಲಿ ಎರಡು ಒತ್ತೂ ಕಳಚದೆ ಕೂಡಬೇಕು, ಅರ್ಧದಲ್ಲಿ ಅರ್ಕಾವತ್ತು ತನ್ನ ಜಾಗಕ್ಕೆ ಬರಬೇಕು. ಈ ಆರು ಪದ ಸರಿ ಬಂದರೆ ಉಳಿದದ್ದೂ ಬರುತ್ತದೆ. ಫಾಂಟ್ ಯಾವುದು ಎಂದು ಕೇಳಿದರೆ ಬಾಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ, ನೋಟೋ ಸಾನ್ಸ್ ಕನ್ನಡ, ಹುಬ್ಬಳ್ಳಿ (ಹೌದು, ನಮ್ಮ ಊರಿನ ಹೆಸರಿನ ಫಾಂಟೇ ಇದೆ) ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತವೆ, ವ್ಯಾಪಾರಕ್ಕೂ ಬಳಸಬಹುದು.

ಕೊನೆಯ ಪ್ರೂಫನ್ನು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆದು, ಬೆರಳಿಟ್ಟು ಒಂದೊಂದೇ ಪದ ಓದಿ. ಮನೆಯ ಇನ್ನೊಬ್ಬರಿಂದಲೂ ಓದಿಸಿ. ಸ್ಟಿಕ್ಕರ್ ಆದರೆ ಹೋದದ್ದು ಸಾವಿರ ಸ್ಟಿಕ್ಕರಿನ ದುಡ್ಡು. ಅಚ್ಚಾದ ಪ್ಲಾಸ್ಟಿಕ್ ಪೌಚಿಗೆ ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್ ಕೆತ್ತಿಸುತ್ತಾರೆ. ಒಂದು ಒತ್ತು ತಪ್ಪಿದರೆ ಆ ಸಿಲಿಂಡರನ್ನೇ ಹೊಸದಾಗಿ ಮಾಡಿಸಬೇಕು.

ಒಳ್ಳೆಯ ಫ್ರೀಲಾನ್ಸರ್ ಎಲ್ಲಿ ಸಿಗುತ್ತಾರೆ?

ನಿಮಗೆ ಮೆಚ್ಚುಗೆಯಾದ ಲೇಬಲ್, ಮೆನು ಕಾರ್ಡ್, ಮದುವೆ ಕಾಗದ ಕಂಡರೆ ಯಾರು ಮಾಡಿದ್ದೆಂದು ಆ ಅಂಗಡಿಯವರನ್ನೇ ಕೇಳಿ. ಪ್ರೆಸ್‌ನವರನ್ನು ಕೇಳಿ, ಯಾರ ಫೈಲ್ ಮೊದಲ ಸಲಕ್ಕೇ ಮಷೀನಿಗೆ ಹೋಗುತ್ತದೆ, ಯಾರದು ಮೂರು ಸಲ ವಾಪಸ್ ಬರುತ್ತದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಧಾರವಾಡ, ಮೈಸೂರು, ಬೆಂಗಳೂರು, ಕಲಬುರಗಿಯ ಕಲಾ ಶಾಲೆಗಳಲ್ಲಿ ಓದಿ ಹೊರಬಂದ ಹುಡುಗ ಹುಡುಗಿಯರಿಗೆ ಅಕ್ಷರದ ಕಣ್ಣು ಇರುತ್ತದೆ. ಆನ್‌ಲೈನ್ ತಾಣಗಳಲ್ಲೂ ಹುಡುಕಬಹುದು. ಎಲ್ಲಿಂದ ಸಿಕ್ಕರೂ ಹಿಂದೆ ಕೆಲಸ ಮಾಡಿಸಿಕೊಂಡ ಇಬ್ಬರಿಗೆ ಫೋನ್ ಮಾಡಿ. "ಕೆಲಸ ಚಂದ ಇತ್ತೇ" ಎಂದು ಕೇಳುವುದಕ್ಕಿಂತ "ತಡ ಆದಾಗ ಮುಂಚೆ ತಿಳಿಸಿದರೇ, ಕೊನೆಗೆ ಫೈಲ್ ಎಲ್ಲ ಕೊಟ್ಟರೇ" ಎಂದು ಕೇಳಿ.

ಮೊದಲು ಒಂದು ಸ್ಯಾಂಪಲ್ ಪುಕ್ಕಟೆ ಮಾಡಿಕೊಡಿ ಎಂದು ಕೇಳಬಹುದೇ?

ಬೇಡ. ನಮ್ಮ ಹತ್ತಿರ ಯಾರಾದರೂ ಅರ್ಧ ಕೆಜಿ ಪುಡಿ ಪುಕ್ಕಟೆ ಕೊಡಿ, ತಿಂದು ನೋಡಿ ಆಮೇಲೆ ಕೊಳ್ಳುವುದೋ ಬಿಡುವುದೋ ಹೇಳುತ್ತೇವೆ ಎಂದರೆ ಕೊಡುತ್ತೇವೆಯೇ? ಚಮಚದಷ್ಟು ಕೈಗೆ ಹಾಕುತ್ತೇವೆ. ಅವರ ಹಳೆಯ ಕೆಲಸವೇ ಆ ಚಮಚ. ಅದು ಸಾಲದಿದ್ದರೆ ಒಂದು ಸಣ್ಣ ಕೆಲಸ, ಒಂದು ಹಬ್ಬದ ಪೋಸ್ಟರ್, ದುಡ್ಡು ಕೊಟ್ಟು ಮಾಡಿಸಿ ನೋಡಿ.

ರೇಟು ಸರಿಯಾ ತಪ್ಪಾ ಎಂದು ಹೇಗೆ ತಿಳಿಯುವುದು?

ಒಂದೇ ಹಾಳೆಯನ್ನು ಮೂವರಿಗೆ ಕಳಿಸಿ. ಕೊಟೇಶನ್ ಬಂದ ಮೇಲೆ ಮೊತ್ತಕ್ಕಿಂತ ಮುಂಚೆ ಒಳಗೇನಿದೆ ನೋಡಿ: ತಿದ್ದುಪಡಿ ಎಷ್ಟು ಸಲ, ಓಪನ್ ಫೈಲ್ ಸೇರಿದೆಯೇ, ಕೊಂಡು ಬಳಸುವ ಫೋಟೊ ಅಥವಾ ಫಾಂಟಿನ ಖರ್ಚು ಯಾರದು, ಜಿಎಸ್‌ಟಿ ಸೇರಿದೆಯೇ. ಎಲ್ಲರಿಗಿಂತ ಅಗ್ಗದ ಕೊಟೇಶನ್ ಇವುಗಳಲ್ಲಿ ಎರಡನ್ನಾದರೂ ಬಿಟ್ಟಿರುತ್ತದೆ ಎಂಬುದು ನನ್ನ ಅನುಭವ. ಚೌಕಾಸಿ ಮಾಡುವುದಿದ್ದರೆ ಕೆಲಸ ಕಡಿಮೆ ಮಾಡಿ ಕೇಳಿ: ಎರಡು ಮಾದರಿಯ ಬದಲು ಒಂದೇ ಸಾಕು, ಎಷ್ಟಾಗುತ್ತದೆ? ಅಷ್ಟೇ ಕೆಲಸಕ್ಕೆ ಅರ್ಧ ದುಡ್ಡು ಎಂದು ಕೂರಬೇಡಿ. ಒಪ್ಪಿದವರು ನಿಮ್ಮ ಕೆಲಸವನ್ನು ಎಲ್ಲರ ಕೆಲಸ ಮುಗಿದ ಮೇಲೆ ಮುಟ್ಟುತ್ತಾರೆ.

ಕರಾರು ಪತ್ರ ಬೇಕೇ, ವಾಟ್ಸಾಪ್ ಮಾತು ಸಾಕೇ?

ಇಮೇಲ್, ಮೆಸೇಜಿನಲ್ಲಿ ಆದ ಒಪ್ಪಂದಕ್ಕೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 10ಎ ಮಾನ್ಯತೆ ಕೊಟ್ಟಿದೆ. ಹಾಗಾಗಿ ವಾಟ್ಸಾಪ್ ವ್ಯರ್ಥವಲ್ಲ. ಆದರೆ ವಾಯ್ಸ್ ಮೆಸೇಜು, ಥಂಬ್ಸ್‌ಅಪ್ಪು, ನಡುವೆ ಹಬ್ಬದ ಶುಭಾಶಯ ಇವುಗಳ ನಡುವೆ ಏನು ಒಪ್ಪಿದಿರಿ ಎಂದು ಆರು ತಿಂಗಳ ಮೇಲೆ ಹುಡುಕುವುದು ಕಷ್ಟ. ಮೇಲೆ ಹೇಳಿದ ಹಾಳೆಗೆ ಮೊತ್ತ, ಹಂತಗಳು, ದಿನಾಂಕ ಸೇರಿಸಿ ಇಮೇಲ್ ಮಾಡಿ, "ಒಪ್ಪಿದ್ದೇನೆ" ಎಂದು ಮರು ಉತ್ತರ ತರಿಸಿಕೊಳ್ಳಿ. ಸಣ್ಣ ಕೆಲಸಕ್ಕೆ ಇದು ಸಾಕು, ಒಂದು ವಿಷಯ ಬಿಟ್ಟು. ಅದು ಮುಂದಿನ ಪ್ರಶ್ನೆ.

ದುಡ್ಡು ಕೊಟ್ಟಿದ್ದೇನೆ, ಡಿಸೈನ್ ನನ್ನದೇ ಅಲ್ಲವೇ?

ಎಲ್ಲರೂ ಹಾಗೇ ಅಂದುಕೊಂಡಿರುತ್ತಾರೆ, ನಾನೂ ಅಂದುಕೊಂಡಿದ್ದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಕಲಂ 17ರ ಪ್ರಕಾರ ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವನೇ. ಸಂಬಳದ ನೌಕರ ಕೆಲಸದ ಭಾಗವಾಗಿ ಮಾಡಿದ್ದು ಮಾಲೀಕನಿಗೆ ಸೇರುತ್ತದೆ. ಫ್ರೀಲಾನ್ಸರ್ ನೌಕರನಲ್ಲ, ಆದ್ದರಿಂದ ಅವರು ಬರೆದ ಬರಹ, ವೆಬ್‌ಸೈಟಿನ ಕೋಡ್, ಲೋಗೊ ಇವುಗಳ ಹಕ್ಕು ಬರಹದಲ್ಲಿ ವರ್ಗಾಯಿಸುವ ತನಕ ಅವರದೇ. ದುಡ್ಡು ಕೊಟ್ಟು ತೆಗೆಸಿದ ಫೋಟೊ, ಬರೆಸಿದ ಚಿತ್ರ, ಮಾಡಿಸಿದ ವಿಡಿಯೊಗಳಿಗೆ ಮಾತ್ರ ಬೇರೆ ನಿಯಮ: ಬೇರೆ ಒಪ್ಪಂದ ಇಲ್ಲದಿದ್ದರೆ ಅವು ಮಾಡಿಸಿದವರಿಗೇ ಸೇರುತ್ತವೆ. ಲೇಬಲ್ಲಿನಲ್ಲಿ ಚಿತ್ರವೂ ಇದೆ, ಬರಹವೂ ಇದೆ, ವಿನ್ಯಾಸವೂ ಇದೆ. ಅದಕ್ಕೆ ಬರೆಸಿಕೊಳ್ಳುವುದೇ ಕ್ಷೇಮ.

ವರ್ಗಾವಣೆಯನ್ನು ಬರೆದು, ಹಕ್ಕು ಬಿಟ್ಟುಕೊಡುವವರ ಸಹಿ ಹಾಕಿಸಬೇಕು ಎನ್ನುತ್ತದೆ ಕಲಂ 19. ಅದರಲ್ಲಿ ಇನ್ನೂ ಮೂರು ಮುಳ್ಳುಗಳಿವೆ. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ದುಬೈಗೆ, ಅಮೆರಿಕಕ್ಕೆ ಹಪ್ಪಳ ಕಳಿಸುವವರು ಗಮನಿಸಿ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ಅದು ರದ್ದಾಗುತ್ತದೆ. ನಾನು ಬರೆಸಿಕೊಳ್ಳುವ ಸಾಲುಗಳು ಇವು:

"ಒಪ್ಪಿದ ಪೂರ್ತಿ ಹಣ ನನಗೆ ಸಂದ ದಿನದಿಂದ, ಈ ಲೇಬಲ್ ವಿನ್ಯಾಸದಲ್ಲಿ ನನಗಿರುವ ಕೃತಿಸ್ವಾಮ್ಯದ ಎಲ್ಲ ಹಕ್ಕುಗಳನ್ನು, ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಜಗತ್ತಿನ ಎಲ್ಲ ಪ್ರದೇಶಗಳಿಗೆ ಅನ್ವಯಿಸುವಂತೆ, ಇವರಿಗೆ ವರ್ಗಾಯಿಸಿದ್ದೇನೆ. ಒಂದು ವರ್ಷದೊಳಗೆ ಬಳಸದಿದ್ದರೂ ಈ ವರ್ಗಾವಣೆ ರದ್ದಾಗುವುದಿಲ್ಲ. ಇದರಲ್ಲಿ ಬಳಸಿದ ಫೋಟೊ, ಫಾಂಟ್, ಚಿತ್ರಗಳು ನನ್ನವು ಅಥವಾ ಪರವಾನಗಿ ಪಡೆದವು."

ಕೆಳಗೆ ಹೆಸರು, ದಿನಾಂಕ, ಇಬ್ಬರ ಸಹಿ. "ಪೂರ್ತಿ ಹಣ ಸಂದ ದಿನದಿಂದ" ಎಂಬ ಮಾತು ಅವರನ್ನೂ ಕಾಯುತ್ತದೆ, ಹಾಗಾಗಿ ಸಹಿ ಹಾಕಲು ಯಾರೂ ಹಿಂಜರಿದದ್ದಿಲ್ಲ. ನಿಮ್ಮ ಕೆಲಸವನ್ನು ಅವರು ತಮ್ಮ ಮಾದರಿಗಳ ಪಟ್ಟಿಯಲ್ಲಿ ತೋರಿಸಿಕೊಳ್ಳಲಿ ಎಂದು ಒಂದು ಸಾಲು ಸೇರಿಸಿ. ಅವರ ಮುಂದಿನ ಅನ್ನ ಅದರಲ್ಲಿದೆ.

ವೆಬ್‌ಸೈಟ್ ಮಾಡುವವರು ಡೊಮೇನ್ (ಸೈಟಿನ ವಿಳಾಸ) ಕೂಡ ತಾವೇ ತೆಗೆದುಕೊಡುತ್ತೇವೆ ಎನ್ನುತ್ತಾರೆ. ಒಪ್ಪಲೇ?

ಒಪ್ಪಬೇಡಿ. ಇದು ಎರಡನೇ ಪೆಟ್ಟು. ನಮ್ಮ ಮೊದಲ ವೆಬ್‌ಸೈಟ್ ಕಟ್ಟಿದವರು ಡೊಮೇನನ್ನು ತಮ್ಮ ಇಮೇಲ್ ಹಾಕಿ ಕೊಂಡರು. ಸಲಿಗೆ ಇತ್ತು, ನಾನು ಕೇಳಲಿಲ್ಲ. ಎರಡು ವರ್ಷದ ಮೇಲೆ ಅವರು ಬೇರೆ ಊರಿಗೆ ನೌಕರಿಗೆ ಹೋದರು, ನಂಬರ್ ಬದಲಾಯಿತು. ರಿನ್ಯೂವಲ್ ನೆನಪೋಲೆಗಳೆಲ್ಲ ಅವರ ಹಳೆಯ ಇಮೇಲಿಗೆ ಹೋಗಿ ಬಿದ್ದಿದ್ದವು. ಒಂದು ಬೆಳಿಗ್ಗೆ ಸೈಟ್ ತೆರೆಯಲಿಲ್ಲ. ಪ್ಯಾಕೆಟ್ಟುಗಳ ಮೇಲೆ ಅಚ್ಚಾಗಿದ್ದ ಆ ವಿಳಾಸ ಕೆಲವು ತಿಂಗಳಲ್ಲಿ ಯಾರದೋ ಪಾಲಾಯಿತು. ಉಳಿದ ಪ್ಯಾಕೆಟ್ಟುಗಳ ಮೇಲೆ ಆ ಸಾಲನ್ನು ಮಾರ್ಕರಿನಿಂದ ಹೊಡೆಯುತ್ತ ಕೂತ ರಾತ್ರಿಗಳು ನನಗೆ ಮರೆತಿಲ್ಲ.

ಡೊಮೇನ್, ಹೋಸ್ಟಿಂಗ್ (ಸೈಟ್ ಇಡಲು ಬಾಡಿಗೆಗೆ ಪಡೆಯುವ ಜಾಗ) ನೀವೇ, ನಿಮ್ಮ ಉದ್ಯೋಗದ ಇಮೇಲ್ ಹಾಕಿ, ನಿಮ್ಮ ಫೋನ್ ನಂಬರ್ ಕೊಟ್ಟು, ನಿಮ್ಮ ಖಾತೆಯಿಂದ ದುಡ್ಡು ಕಟ್ಟಿ ಕೊಳ್ಳಿ. ಹೇಗೆಂದು ತಿಳಿಯದಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ, ಅರ್ಧ ಗಂಟೆಯ ಕೆಲಸ. ಒಂದೇ ಸಲಕ್ಕೆ 10 ವರ್ಷದ ತನಕ ನೋಂದಾಯಿಸಬಹುದು. ಪ್ಯಾಕೆಟ್ ಮೇಲೆ ವಿಳಾಸ ಅಚ್ಚು ಹಾಕಿಸುವವರು ಐದು ವರ್ಷಕ್ಕಾದರೂ ಕಟ್ಟಿಬಿಡಿ.

ಪಾಸ್‌ವರ್ಡ್ ಕೊಡಬೇಡಿ, ಪ್ರವೇಶ ಕೊಡಿ. ಗೂಗಲ್ ಬಿಸಿನೆಸ್ ಪ್ರೊಫೈಲಿನಲ್ಲಿ ನೀವು ಓನರ್ ಆಗಿದ್ದು ಅವರನ್ನು ಮ್ಯಾನೇಜರ್ ಎಂದು ಸೇರಿಸಬಹುದು. ಫೇಸ್‌ಬುಕ್ ಪೇಜಿಗೂ ಬೇಕಾದಷ್ಟೇ ಅಧಿಕಾರ ಕೊಟ್ಟು, ಕೆಲಸ ಮುಗಿದ ದಿನ ತೆಗೆಯಬಹುದು. ವಾಟ್ಸಾಪ್ ಬಿಸಿನೆಸ್‌ನಲ್ಲಿ ಲಿಂಕ್ ಆದ ಸಾಧನಗಳ ಪಟ್ಟಿಯನ್ನು ಆಗಾಗ ತೆಗೆದು ನೋಡಿ. ಹಳೆಯ ಲ್ಯಾಪ್‌ಟಾಪ್ ಒಂದು ಅಲ್ಲೇ ಕೂತಿರುತ್ತದೆ. ಗ್ರಾಹಕರ ನಂಬರಿನ ಪೂರ್ತಿ ಪಟ್ಟಿಯನ್ನು ಯಾರಿಗೂ ಕಳಿಸಬೇಡಿ. ಹೊರಗಿನವರ ಕೈಯಲ್ಲಿ ಕೆಲಸ ಮಾಡಿಸಿದರೂ ಗ್ರಾಹಕರ ಮಾಹಿತಿಯ ಹೊಣೆ ಅದನ್ನು ಸಂಗ್ರಹಿಸಿದವರದೇ ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ.

ಲೆಕ್ಕ ಬರೆಯುವವರಿಗೆ ಜಿಎಸ್‌ಟಿ ಲಾಗಿನ್ ಕೊಡಲೇಬೇಕಲ್ಲ?

ಕೊಡಿ, ಆದರೆ ಓಟಿಪಿ ಬರುವ ಫೋನ್ ಮತ್ತು ಇಮೇಲ್ ನಿಮ್ಮದಿರಲಿ. ಎಷ್ಟೋ ಅಂಗಡಿಗಳ ನೋಂದಣಿಯಲ್ಲಿ ಲೆಕ್ಕದವರ ನಂಬರೇ ಇದೆ. ಅವರೊಂದಿಗೆ ಮಾತು ತಪ್ಪಿದ ದಿನ ನಿಮ್ಮ ನೋಂದಣಿಯೊಳಗೆ ನೀವೇ ಹೋಗಲಾರಿರಿ, ನಿಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಹತ್ತಿರ ದಾಖಲೆ ಹಿಡಿದು ಅಲೆಯಬೇಕು. ಇವತ್ತೇ ಒಮ್ಮೆ ಲಾಗಿನ್ ಆಗಿ ಯಾರ ನಂಬರ್ ಇದೆ ನೋಡಿಬಿಡಿ.

ಟಿಡಿಎಸ್ ಹಿಡಿಯಬೇಕೇ? ಜಿಎಸ್‌ಟಿ ಬಿಲ್ ಕೇಳಬೇಕೇ?

ಒಬ್ಬರೇ ಮಾಲೀಕರಾಗಿದ್ದು ಹಿಂದಿನ ವರ್ಷದ ವಹಿವಾಟು 1 ಕೋಟಿ ದಾಟದಿದ್ದರೆ ಇಂಥ ಕೆಲಸಗಳಿಗೆ ಟಿಡಿಎಸ್ (ಕೊಡುವ ದುಡ್ಡಿನಲ್ಲೇ ಮುರಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯುವ ಜವಾಬ್ದಾರಿ ನಿಮಗಿಲ್ಲ. ದಾಟಿದ್ದರೆ, ಅಥವಾ ನಿಮ್ಮದು ಪಾಲುದಾರಿಕೆ ಸಂಸ್ಥೆಯೋ ಕಂಪನಿಯೋ ಆಗಿದ್ದರೆ, ಇದೆ. ವೃತ್ತಿಪರ ಶುಲ್ಕ ಒಬ್ಬರಿಗೆ ವರ್ಷಕ್ಕೆ 50,000 ರೂಪಾಯಿ ದಾಟಿದಾಗ ಶೇ. 10, ತಾಂತ್ರಿಕ ಸೇವೆಯಾದರೆ ಶೇ. 2. ಗುತ್ತಿಗೆ ಕೆಲಸ ಎಂದು ಪರಿಗಣಿಸಿದರೆ, ವ್ಯಕ್ತಿಗೆ ಒಂದು ಬಿಲ್ 30,000 ಅಥವಾ ವರ್ಷಕ್ಕೆ 1 ಲಕ್ಷ ದಾಟಿದಾಗ ಶೇ. 1. ನಿಮ್ಮ ಕೆಲಸ ಯಾವ ಬಗೆಗೆ ಬೀಳುತ್ತದೆ ಎಂದು ಸಿಎ ಅವರಿಂದ ಒಂದು ಸಾಲು ಬರೆಸಿಕೊಳ್ಳಿ. ಪ್ಯಾನ್ ಮೊದಲೇ ಪಡೆದಿಡಿ, ಇಲ್ಲದಿದ್ದರೆ ಶೇ. 20 ಹಿಡಿಯಬೇಕಾಗುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ವೃತ್ತಿಪರ ಶುಲ್ಕದ ಹಳೆಯ 194ಜೆ, ಗುತ್ತಿಗೆಯ 194ಸಿ ಕಲಂಗಳು ಈಗ ಕಲಂ 393ರೊಳಗಿವೆ. ಚಲನ್ ತುಂಬುವಾಗ ಹಳೆಯ ನಂಬರ್ ಹಾಕಬೇಡಿ.

ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷದೊಳಗಿದ್ದರೆ ಅವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಅಂಥವರು ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವಂತೆಯೂ ಇಲ್ಲ. ಹಾಕಿದ್ದರೆ ನೋಂದಣಿ ಸಂಖ್ಯೆಯನ್ನು ಪೋರ್ಟಲಿನಲ್ಲಿ ಪರೀಕ್ಷಿಸಿ ದುಡ್ಡು ಕೊಡಿ. ನಗದು ಕೊಡುವ ಅಭ್ಯಾಸವಿದ್ದರೆ ಬಿಡಿ: ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿ ಮೀರಿ ನಗದು ಕೊಟ್ಟ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಒಪ್ಪುವುದಿಲ್ಲ.

ಅಡ್ವಾನ್ಸ್ ಎಷ್ಟು ಕೊಡಬೇಕು? ಬಾಕಿಯನ್ನು ಸೀಸನ್ ಮುಗಿದ ಮೇಲೆ ಕೊಟ್ಟರೆ ಆಗದೇ?

ನಾನು ಮೂರು ಭಾಗ ಮಾಡುತ್ತೇನೆ. ಶುರುವಿಗೆ ಶೇ. 30, ಮಾದರಿ ಒಪ್ಪಿದ ದಿನ ಶೇ. 40, ಕೊನೆಯ ಫೈಲ್ ಕೈಗೆ ಬಂದ ದಿನ ಶೇ. 30. ಪೂರ್ತಿ ಮುಂಚೆ ಕೊಡುವುದೂ ಬೇಡ, ಒಂದು ರೂಪಾಯಿಯೂ ಕೊಡದೆ ಶುರು ಮಾಡಿಸುವುದೂ ಬೇಡ. ದುಡ್ಡನ್ನು ಮೊದಲೇ ಎತ್ತಿಟ್ಟುಕೊಂಡು ಕೆಲಸ ಕೊಡಿ.

ಸೀಸನ್ ತನಕ ಕಾಯಿಸುವ ಮಾತು ನನಗೆ ಒಪ್ಪಿಗೆಯಿಲ್ಲ. ಅಂಗಡಿಯವರು ನಮ್ಮ ಬಿಲ್ ತಿಂಗಳುಗಟ್ಟಲೆ ಕೂಡಿಸಿಟ್ಟಾಗ ಶೇಂಗಾ ಕೊಳ್ಳಲು ನಾವು ಪಡುವ ಪಾಡು ನೆನಪಿರಲಿ. ಆ ಡಿಸೈನರ್ ಹುಡುಗಿಯ ಮನೆ ಬಾಡಿಗೆಯೂ ತಿಂಗಳಿಗೊಮ್ಮೆ ಬರುತ್ತದೆ. ಕಾನೂನೂ ಅವರ ಕಡೆಗಿದೆ. ಅವರು ಉದ್ಯಮ್ (ಸಣ್ಣ ಉದ್ದಿಮೆಗಳ ಕೇಂದ್ರ ಸರ್ಕಾರಿ) ನೋಂದಣಿ ಮಾಡಿಸಿದ್ದರೆ, 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದಾಗ ಹೆಚ್ಚೆಂದರೆ 45 ದಿನ, ಇಲ್ಲದಾಗ 15 ದಿನದೊಳಗೆ ಹಣ ಸಲ್ಲಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅಂಥ ಬಾಕಿಯನ್ನು ಕೊಡುವ ತನಕ ನಿಮ್ಮ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸಲೂ ಬರುವುದಿಲ್ಲ. ನೀವೂ ಉದ್ಯಮ್ ಮಾಡಿಸಿಕೊಂಡಿಲ್ಲವೇ? ಪುಕ್ಕಟೆ, ಆನ್‌ಲೈನಿನಲ್ಲೇ ಆಗುತ್ತದೆ.

ಸಂಬಂಧಿಕರ ಹುಡುಗನೇ ಮಾಡಿಕೊಡುತ್ತೇನೆ ಅಂದಿದ್ದಾನೆ. ಅವನಿಗೂ ಈ ಹಾಳೆ, ಸಹಿ ಎಲ್ಲ ಬೇಕೇ?

ಅವನಿಗೆ ಮೊದಲು ಬೇಕು. ಹೊರಗಿನವರು ತಡ ಮಾಡಿದರೆ ಫೋನ್ ಮಾಡಿ ಕೇಳುತ್ತೀರಿ, ಅಕ್ಕನ ಮಗನನ್ನು ಕೇಳಲು ನಾಲಿಗೆ ಬರುವುದಿಲ್ಲ. ಹಾಳೆ ಇದ್ದರೆ ಕೇಳುವುದು ಹಾಳೆ. ದುಡ್ಡೂ ಕೊಡಿ, ಊಟಕ್ಕೆ ಕರೆದು ಮುಗಿಸಬೇಡಿ.

ನಡುವೆ ಕೆಲಸ ಬಿಟ್ಟು, ಫೋನ್ ಎತ್ತದೆ ಹೋದರೆ?

ಮೊದಲು ಒಂದು ವಾರ ಕಾಯಿರಿ, ಮನೆಯಲ್ಲಿ ಆಸ್ಪತ್ರೆಯ ಓಡಾಟ ಇರಬಹುದು. ಆಮೇಲೆ ಇಮೇಲಿನಲ್ಲಿ ದಿನಾಂಕ ಕೊಟ್ಟು ಬರೆಯಿರಿ: ಇಷ್ಟು ಕೊಟ್ಟಿದ್ದೇನೆ, ಇಷ್ಟು ಬಂದಿದೆ, ಈ ದಿನದೊಳಗೆ ಉಳಿದದ್ದು ಬಾರದಿದ್ದರೆ ಬೇರೆಯವರಿಗೆ ಒಪ್ಪಿಸುತ್ತೇನೆ. ಮೊತ್ತ ದೊಡ್ಡದಿದ್ದರೆ ವಕೀಲರಿಂದ ನೋಟಿಸ್ ಕೊಡಿಸಿ. ಹಣ ವಸೂಲಿಯ ದಾವೆಗೆ 3 ವರ್ಷದ ಕಾಲಮಿತಿ ಇದೆ. ಕೋರ್ಟಿಗೆ ಹೋಗುವ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟು ರಾಜಿಗೆ ಕೂರಿಸಬಹುದು, ಅದಕ್ಕೆ ಖರ್ಚು ಬಾರದು.

ಹಂತ ಹಂತವಾಗಿ ದುಡ್ಡು ಕೊಟ್ಟವರಿಗೆ ನಷ್ಟವಾಗುವುದು ಒಂದು ಹಂತದ್ದು ಮಾತ್ರ. ನಾನು ಪ್ರತಿ ಕಂತು ಕಳಿಸುವ ಮುಂಚೆ ಆ ದಿನದ ಮಟ್ಟಿಗಿನ ಓಪನ್ ಫೈಲನ್ನು ನನ್ನ ಡ್ರೈವಿಗೆ ಹಾಕಿಸಿಕೊಂಡು, ಪ್ರೆಸ್‌ನವರಿಗೆ ಒಮ್ಮೆ ತೆರೆದು ತೋರಿಸಿ, ಆಮೇಲೆ ಯುಪಿಐ ಒತ್ತುತ್ತೇನೆ. ಹೋದ ವರ್ಷ ಒಬ್ಬರು ಮದುವೆ ಆಗಿ ಊರು ಬಿಟ್ಟಾಗ ಲೇಬಲ್ ಅರ್ಧವಾಗಿತ್ತು. ಮುಂದಿನ ಹುಡುಗಿ ಅದೇ ಫೈಲ್ ತೆರೆದು, ಹಿಂದಿನ ಬದಿಯನ್ನು ನಾಲ್ಕು ದಿನದಲ್ಲಿ ಮುಗಿಸಿಕೊಟ್ಟಳು. ಶ್ರಾವಣದ ಮೊದಲ ಸೋಮವಾರ ಪ್ಯಾಕೆಟ್ ಅಂಗಡಿಯಲ್ಲಿದ್ದವು.